ಬಾಳವ್ವ ಹಂಚಿಕೊಟ್ಟ ದಣಿವು

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದೆಂದರೆ, ತಾನು ಯಾವ ಕಡೆ ಹರಿಯಬೇಕೆಂಬುದೇ ಹೊಳೆಗೆ ಆಗಾಗ ಮರೆತುಹೋಗುತ್ತಿತ್ತು. ಗಾಳಿ ಬಂದು "ಆ ಕಡೆ, ಆ ಕಡೆ" ಎಂದು ನೆನಪು ಮಾಡಬೇಕಿತ್ತು. ಆಗ ಇರುವೆಗಳು ಮಾತಾಡುತ್ತಿದ್ದವು. ಜೇಡ ಮಾತಾಡುತ್ತಿತ್ತು. ಕಪ್ಪು ಮಣ್ಣಿನ ಎರೆನೆಲ ಕೂಡ ಮನಸ್ಸು ಬಂದಾಗ ಒಂದೆರಡು ಮಾತಾಡುತ್ತಿತ್ತು.

ಕಸ್ತೂರಿ, ಮೊಣಕಾಲಿನ ಮೇಲಿಂದ ಕೈ ತೆಗೆ. ತೆಗೆದೆಯಾ? ಹಾಂ, ಹಾಗಿರಲಿ. ಕಥೆ ಮುಗಿಯುವವರೆಗೆ ಗಾಯದ ಮೇಲಿನ ಆ ಹಕ್ಕಳೆಯನ್ನು ಮುಟ್ಟಬಾರದು. ಶನಿವಾರ ಖೋಖೋ ಇದೆ ಎಂದು ನನಗೂ ಗೊತ್ತು. ನೀನು ಬೆಳಗಿನಿಂದ ಹನ್ನೊಂದು ಸಲ ಹೇಳಿದ್ದೀಯ.

ಆ ಹೊಸ ಲೋಕದಲ್ಲಿ ಒಂದು ದೊಡ್ಡ ಮರೆವು ಆಗಿತ್ತು. ಪ್ರಾಣಿಗಳಿಗೆಲ್ಲ ತೊಗಲು ಹೊದಿಸಿದಾತ, ತೊಗಲು ಹರಿದರೆ ಏನು ಮಾಡಬೇಕೆಂದು ಹೇಳಿಯೇ ಇರಲಿಲ್ಲ. ಹಾಗಾಗಿ ಹರಿದದ್ದು ಹರಿದೇ ಇರುತ್ತಿತ್ತು. ಈ ವರ್ಷ ಕಾಲು ತರಚಿದರೆ ಮುಂದಿನ ವರ್ಷವೂ ಅದು ತರಚಿದಂತೆಯೇ. ಮೊಲ, ನರಿ, ಆಕಳು, ಮನುಷ್ಯರು, ಎಲ್ಲರೂ ಹರಿದ ಜಾಗವನ್ನು ಕೈಯಲ್ಲೋ ಕಾಲಲ್ಲೋ ಮುಚ್ಚಿಕೊಂಡೇ ಓಡಾಡುತ್ತಿದ್ದರು.

ಆ ಕಾಲದಲ್ಲಿ ಬಾಳವ್ವ ಎಂಬವಳಿದ್ದಳು. ಕೌದಿ ಹೊಲಿಯುವ ಮುದುಕಿ. ಎರೆಹೊಲದ ಅಂಚಿನಲ್ಲಿ, ಜಾಲಿಮರದ ಕೆಳಗೆ ಒಂದು ಚಪ್ಪರ, ಅದೇ ಅವಳ ಮನೆ. ಹಳೆ ಸೀರೆಯ ಚಿಂದಿಗಳನ್ನು ಒಂದರ ಮೇಲೊಂದು ಹಾಸಿ, ಹೊಲಿದು, ಬೆಚ್ಚಗೆ ಹೊದೆಯುವ ಕೌದಿ ಮಾಡುತ್ತಿದ್ದಳು. ಲೋಕವೇ ಹೊಸದಾಗಿದ್ದಾಗ ಹಳೆ ಸೀರೆ ಎಲ್ಲಿಂದ ಬಂತು ಎಂದು ಕೇಳಬೇಡ. ಹೆಂಗಸರು ಇದ್ದಲ್ಲಿ ಹಳೆ ಸೀರೆ ಇದ್ದೇ ಇರುತ್ತದೆ.

ಕೌದಿ ಹೊಲಿಯಲು ಅವಳದೇ ಕ್ರಮವಿತ್ತು. ಚಿಂದಿಯನ್ನು ಒಗೆದು, ಬಿಸಿಲಿಗೆ ಗರಿಗರಿಯಾಗಿ ಒಣಗಿಸದೆ ಮೇಲರಿವೆ ಹೊದಿಸುತ್ತಿರಲಿಲ್ಲ. ಹಸಿ ಚಿಂದಿ ಒಳಗೆ ಉಳಿದರೆ ಕೌದಿ ಒಳಗಿನಿಂದಲೇ ಮುಗ್ಗಿ ನಾರುತ್ತದೆ. ಹೊಲಿಗೆ ಶುರುವಾಗುವುದು ಅಂಚಿನಿಂದ. ಸುತ್ತು ಸುತ್ತಾಗಿ ಬಂದು ನಡುವಿನಲ್ಲಿ ಮುಗಿಯಬೇಕು. ಕೊನೆಗೆ ಒಂದು ಮೂಲೆಯಲ್ಲಿ ಚಿಟಿಕೆ ಜೋಳ ಇಟ್ಟು ಹೊಲಿದುಬಿಡುತ್ತಿದ್ದಳು.

"ನನ್ನ ಮನಿಯಿಂದ ಯಾವ ಕೌದಿನೂ ಹಸದ ಹೋಗಬಾರದು" ಎನ್ನುತ್ತಿದ್ದಳು.

ಒಂದು ದಿನ ತೊಡೆ ಹರಿದ ಮೊಲವೊಂದು ಚಪ್ಪರದ ಮುಂದೆ ನಿಂತಿತು. "ಯವ್ವಾ, ಅರಿವಿ ಹೊಲಿತಿ. ನನ್ನ ತೊಗಲ ಹೊಲಿಯಾಕ ಆಗೂದಿಲ್ಲೇನ?"

ಬಾಳವ್ವ ಮೊಲವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಜಾಲಿಮುಳ್ಳಿನ ಸೂಜಿ, ಪುಂಡಿ ನಾರಿನ ದಾರ. ಅಂಚಿನಿಂದ ನಡುವಿಗೆ ಹೊಲಿದಳು. ಮೊಲ ಜಿಗಿಯುತ್ತ ಹೋಯಿತು.

ಅದು ಹೋಗಿ ಸುಮ್ಮನಿತ್ತೇ? ಊರಿಗೆಲ್ಲ ಹೇಳಿತು.

ಮರುದಿನ ನರಿ ಬಂತು. ಅದರ ಮರುದಿನ ಎರಡು ಆಕಳು ಬಂದವು. ಆಮೇಲೆ ಸಾಲು. ಆ ಸಾಲು ಹೊಲದ ಅಂಚು ದಾಟಿ, ಹೊಳೆಯ ದಂಡೆ ದಾಟಿ, ಕಣ್ಣಿಗೆ ಕಾಣದಷ್ಟು ದೂರ ಬೆಳೆಯಿತು. ಮುಳ್ಳು ತರಚಿದವರು, ಕೊಂಬು ತಿವಿದವರು, ಬಂಡೆಯಿಂದ ಬಿದ್ದವರು. ಎಲ್ಲರಿಗೂ ತಮ್ಮದೇ ಮೊದಲಾಗಬೇಕು.

ಬಾಳವ್ವ ಹೊಲಿದಳು. ಹೊತ್ತು ಏರಿದಾಗ ಬೆನ್ನು ಹಿಡಿದುಕೊಂಡು ಹೇಳಿದಳು: "ಇದೊಂದ ಹೊಲದು ಮಲಗ್ತೀನಿ."

ಅದೊಂದು ಮುಗಿದಾಗ ಇನ್ನೊಂದು ಬಂತು. ಹೊತ್ತು ಇಳಿದಾಗ ಮತ್ತೆ ಹೇಳಿದಳು: "ಇದೊಂದ ಹೊಲದು ಮಲಗ್ತೀನಿ."

ಹೀಗೆ ಎಷ್ಟೋ ವರ್ಷ ಕಳೆದವು. ಅವಳ ಬೆನ್ನು ಬಾಗಿತು. ಕಣ್ಣಿನ ಕೆಳಗೆ ಕಪ್ಪು ಇಳಿಯಿತು. ರೊಟ್ಟಿ ತಟ್ಟಲು ಹಿಟ್ಟು ಕಲಸಿಟ್ಟರೆ, ತಟ್ಟುವ ಮುಂಚೆ ಯಾರೋ ಕರೆಯುತ್ತಿದ್ದರು, ಹಿಟ್ಟು ಒಣಗಿಹೋಗುತ್ತಿತ್ತು. "ನನ್ನ ಕಾಲು ನೋಡು, ನನ್ನ ಕಿವಿ ನೋಡು" ಎನ್ನುವವರೇ ಎಲ್ಲ. "ಊಟ ಮಾಡಿದೆಯಾ?" ಎಂದು ಕೇಳಿದವರು ಒಬ್ಬರೂ ಇಲ್ಲ. ನನಗೆ ಇದು ಚೆನ್ನಾಗಿ ಗೊತ್ತು ಕಸ್ತೂರಿ. ನಿನ್ನ ಈ ಮುದಿ ಆಯಿ ಮೂವತ್ತೆರಡು ವರ್ಷ ತಾಲೂಕು ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿದವಳು. ಇರಲಿ, ನನ್ನ ಕಥೆ ಈಗ ಬೇಡ.

ಒಂದು ಬೇಸಿಗೆಯ ದಿನ ಚಿಗರಿಯೊಂದು ಮೂರು ಕಾಲಿನಲ್ಲಿ ಕುಂಟುತ್ತ ಬಂತು. ಹೆಣ್ಣು ಜಿಂಕೆ. ಹಿಂದಿನ ತೊಡೆ ಆಳವಾಗಿ ಸೀಳಿತ್ತು. ಪಕ್ಕದಲ್ಲಿ ಮರಿಯೊಂದು, ಇನ್ನೂ ಕಾಲು ನಡುಗುವ ಮರಿ.

"ಯವ್ವಾ," ಎಂದಿತು ಚಿಗರಿ, "ಹುಲ್ಲ ಒಣಗೇತಿ. ಏಳ ದಿನಕ್ಕ ನಮ್ಮ ಹಿಂಡು ಹೊಳಿ ದಾಟಿ ಹೊಂಟೈತಿ. ನಾ ನಡಿಯಾಕ ಆಗ್ಲಿಲ್ಲಂದ್ರ ಇಲ್ಲೇ ಉಳಿತೀನಿ. ನನ್ನ ಕೂಡ ಈ ಕೂಸೂ ಉಳಿತೈತಿ."

ಹುಲ್ಲಿಲ್ಲದ ಬಯಲಿನಲ್ಲಿ ಉಳಿದರೆ ಏನಾಗುತ್ತದೆ ಎಂದು ಚಿಗರಿ ಹೇಳಲಿಲ್ಲ. ಹೇಳುವುದು ಬೇಕಾಗಿಯೂ ಇರಲಿಲ್ಲ.

"ಕುಂದರವಾ," ಎಂದಳು ಬಾಳವ್ವ. "ನಾರ ತೀರೇತಿ. ಒಂದೀಟ ಕೊಯ್ತೀನಿ. ನಿಂದೊಂದ ಹೊಲದು ಮಲಗ್ತೀನಿ."

ಚೂಪು ಕಲ್ಲಿನ ಚಕ್ಕೆ ಎತ್ತಿಕೊಂಡು ಪುಂಡಿ ಕಟ್ಟಿಗೆಯಿಂದ ನಾರು ಸೀಳತೊಡಗಿದಳು. ಒಂದು ಎಳೆ ಸೀಳಿದಳು. ಎರಡು ಎಳೆ ಸೀಳಿದಳು. ಮೂರನೆಯದಕ್ಕೆ ಕಣ್ಣು ಎಳೆಯಿತು. ಅಷ್ಟೇ, ಒಂದು ಗಳಿಗೆ ತೂಕಡಿಸಿದಳು. ಕಲ್ಲು ಜಾರಿತು. ಬಲಗೈ ಸೋತಿತ್ತೆಂದು ಕಲ್ಲನ್ನು ಎಡಗೈಗೆ ಬದಲಿಸಿಕೊಂಡಿದ್ದಳು, ಬಲಗೈಯಲ್ಲಿದ್ದದ್ದು ಪುಂಡಿ ಕಟ್ಟಿಗೆ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಅವಳ ಬಲಗೈ ಸೀಳಿಹೋಯಿತು. ಹೊಲಿಯುವ ಕೈ.

ಸಾಲಿನಲ್ಲಿದ್ದವರೆಲ್ಲ ಹೋ ಎಂದರು. "ಅಯ್ಯೋ, ಇನ್ನ ನಂದ ಯಾರ ಹೊಲಿತಾರ?" ಎಂದಿತು ಕರಡಿ. "ನಾ ಮುಂಜಾನಿಂದ ಕುಂತೀನಿ" ಎಂದಿತು ನರಿ. ಒಬ್ಬರ ಬಾಯಲ್ಲೂ "ಬಾಳವ್ವಾ, ನೋವಾಯ್ತೇನ?" ಎಂಬ ಮಾತು ಬರಲಿಲ್ಲ. ನನಗೆ ಈಗಲೂ ಆ ಸಾಲಿನವರ ಮೇಲೆ ಸಿಟ್ಟಿದೆ. ಸ್ವಲ್ಪ ಹೊತ್ತು ನಿಂತರು, ನೋಡಿದರು, ಗೊಣಗುತ್ತ ಹೊರಟುಹೋದರು.

ಚಿಗರಿ ಮಾತ್ರ ಹೋಗಲಿಲ್ಲ. ಅದಕ್ಕೆ ಹೋಗಲು ಕಾಲಿರಲಿಲ್ಲ.

ಈಗ ಬಾಳವ್ವ ಏನು ಮಾಡಿದಳು ಗೊತ್ತೇ? ಕೌದಿ ಹೊಲಿಯುವವಳು ಯಾವ ತಪ್ಪನ್ನು ಎಂದೂ ಮಾಡಬಾರದೋ ಆ ತಪ್ಪು ಮಾಡಿದಳು. ಊರಿನ ನೂರು ಜನ ಸೊಸೆಯಂದಿರಿಗೆ ಬೈದು ಬುದ್ಧಿ ಹೇಳಿದವಳು, ಅವಸರಕ್ಕೆ ಬಿದ್ದು, ಗಾಯದೊಳಗಿನ ಮಣ್ಣು, ನಾರಿನ ಸಿಬಿರು ಏನನ್ನೂ ತೆಗೆಯದೆ ಮೇಲೊಂದು ಅರಿವೆ ಬಿಗಿದು ಕಟ್ಟಿಬಿಟ್ಟಳು. "ನಾಳಿ ಹೊತ್ತಿಗೆ ಕೈ ಕೆಲಸಕ್ಕ ಬರಬೇಕು" ಎಂದಳು.

ಮರುದಿನ ಕೈ ಮಿಡಿಯಿತು. ಅದರ ಮರುದಿನ ಅರಿವೆಯೊಳಗಿನಿಂದ ಮುಗ್ಗಿದ ಕೌದಿಯ ವಾಸನೆ ಬಂತು.

ಆ ವಾಸನೆಗೆ ಕೆಂಪಿರುವೆಗಳು ಬಂದವು. ಸಾಲುಗಟ್ಟಿ ಬಂದು ಅವಳ ಮೊಣಕೈ ಮೇಲೆ ನಿಂತವು.

"ಬಾಳವ್ವಾ, ಮುಚ್ಚಳ ತಗಿ," ಎಂದಿತು ಮುಂದಿನ ಇರುವೆ. "ಹಸಿ ಚಿಂದಿ ಮ್ಯಾಲ ಮೇಲರಿವಿ ಹಾಕ್ತಾರೇನ?"

ಬಾಳವ್ವನಿಗೆ ನಾಚಿಕೆಯಾಯಿತು. ಅರಿವೆ ಬಿಚ್ಚಿದಳು.

ಇರುವೆಗಳು ಒಳಗಿಳಿದವು. ಕಾಳು ಕಾಳಾಗಿ ಮಣ್ಣು ಹೊತ್ತು ಹೊರಗೆ ಹಾಕಿದವು. ಕೊಳೆತದ್ದನ್ನು ಕಚ್ಚಿ ಕಚ್ಚಿ ಎಳೆದು ತಂದವು. ಅವುಗಳ ಓಡಾಟಕ್ಕೆ ಗಾಯದ ಸುತ್ತ ಕೆಂಪಾಯಿತು, ಬಿಸಿಯಾಯಿತು, ಉರಿಯಿತು.

"ಉರಿತೈತಿ!" ಎಂದು ಬಾಳವ್ವ ಕೂಗಿದಳು.

"ಉರಿಲೇಬೇಕು. ಕಸ ಹೊಡಿಯೂವಾಗ ಧೂಳ ಏಳೂದಿಲ್ಲೇನ?" ಎಂದವು ಇರುವೆಗಳು. "ಮತ್ತ, ನಮಗ ಹೊಟ್ಟಿಗೆ ಹಾಕು. ಹಸದ ಹೊಟ್ಟಿಲೆ ಈ ಕೆಲಸ ಆಗೂದಿಲ್ಲ."

ಬಾಳವ್ವ ಎಡಗೈಯಿಂದ ಜೋಳದ ಗಡಿಗೆ ತಡಕಿದಳು. ತಾನೂ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಎರಡು ದಿನದಿಂದ ಏನೂ ತಿಂದಿಲ್ಲವೆಂದು ಆಗ ನೆನಪಾಯಿತು.

ಅಷ್ಟರಲ್ಲಿ ಹೊಳೆ ಬಂತು. ಅದು ಬಂದದ್ದು ಸದ್ದಿಲ್ಲದೆ, ನೆಲದ ಒಳಗಿನಿಂದ, ತೇವ ಏರಿದ ಹಾಗೆ. ಬಂದು ಅವಳ ಕೈಯೊಳಗೆ ತುಂಬಿಕೊಂಡಿತು. ಕೈ ಊದಿತು. ಬೆರಳು ಮಡಚಲು ಬರಲಿಲ್ಲ.

"ಏನ ಮಾಡಿದಿ ನೀನು?" ಎಂದು ಬಾಳವ್ವ ಬೈದಳು. "ಬೆರಳ ಮಡಚಾಕ ಬರವಲ್ದು!"

"ಮಡಚಬಾರದಂತನ ಬಂದೀನಿ," ಎಂದಿತು ಹೊಳೆ. "ನನಗೂ ದಣಿವ ಆಗೇತಿ ಬಾಳವ್ವಾ, ನಾ ಬಾಳ ದೂರದಿಂದ ಬಂದೀನಿ. ಇರುವಿಗಳಿಗೆ ಬೇಕಾದ ಸಾಮಾನೆಲ್ಲ ನಾನ ಹೊತ್ತು ತರಬೇಕು. ಕೈ ಸುಮ್ನ ಇಟಗೋ."

ಮೂರನೆಯದಾಗಿ ಜೇಡ ಇಳಿಯಿತು. ಚಪ್ಪರದ ಮೂಲೆಯಲ್ಲಿ ಎಷ್ಟೋ ವರ್ಷದಿಂದ ಕೂತಿದ್ದ ಮುದಿ ಜೇಡ. ಗಾಯದ ಈ ಅಂಚಿನಿಂದ ಆ ಅಂಚಿಗೆ ನೂಲು ಎಳೆಯಿತು. ಹೀಗೊಂದು, ಹಾಗೊಂದು, ಅಡ್ಡಡ್ಡ, ಸೊಟ್ಟ ಸೊಟ್ಟ.

ಬಾಳವ್ವ ನೋವನ್ನೂ ಮರೆತು ಮೂಗು ಮುರಿದಳು. "ಇದೇನ ಹೊಲಿಗಿ? ಸಾಲಿಲ್ಲ, ಸರಳಿಲ್ಲ. ನಮ್ಮ ಕೇರಿಯಾಗ ಇಂಥಾ ಹೊಲಿಗಿ ಹಾಕಿದ್ರ ಬಿಚ್ಚಿಸಿ ಮತ್ತ ಹೊಲಿಸ್ತಾರ."

"ಮೊದಲ ಹಿಡದ ನಿಲ್ಲಲಿ," ಎಂದಿತು ಜೇಡ. "ಸರಳ ಮಾಡೂದು ಆಮ್ಯಾಲ. ಅಂಚಿನಿಂದ ನಡುವಿಗೆ ಬರಬೇಕು ಅಂತ ನಿನ್ನ ನೋಡೇ ಕಲತೀನಿ. ಇಷ್ಟ ವರ್ಷ ಮ್ಯಾಲ ಕುಂತು ನಾ ಏನ ನೋಡೀನಿ ಅಂದಕೊಂಡಿ?"

ತನ್ನ ಕೆಲಸವನ್ನು ಯಾರೋ ಗಮನಿಸಿದ್ದಾರೆಂದು ಬಾಳವ್ವನಿಗೆ ಅಂದೇ ಗೊತ್ತಾದದ್ದು. ಕೈಯನ್ನು ಜೇಡದ ಕಡೆ ಇನ್ನಷ್ಟು ಚಾಚಿ ಹಿಡಿದಳು.

ಕೊನೆಗೆ ಎರೆನೆಲ ಒಂದೇ ಮಾತಾಡಿತು. "ನನ್ನ ಒಂದ ಚಿಟಿಕಿ ತಗೋ. ಮ್ಯಾಲ ಮುಚ್ಚಳ ಆಗ್ತೈತಿ." ಕಪ್ಪು ಮಣ್ಣು ಗಾಯದ ಮೇಲೆ ಕೂತು, ಬಿಸಿಲಿಗೆ ಒಣಗಿ, ಗಟ್ಟಿಯಾಯಿತು. ಅದೇ ಮೊದಲ ಹಕ್ಕಳೆ. ಈಗ ನೀನು ಹಾಗೆ ಮಾಡಬೇಡ, ಗಾಯಕ್ಕೆ ಮಣ್ಣು ಹಾಕಿದರೆ ನಾನೇ ನಿನ್ನ ಬೆನ್ನಿಗೆ ಎರಡೇಟು ಹಾಕುತ್ತೇನೆ. ಆಗ ಮಣ್ಣೂ ಹೊಸದಾಗಿತ್ತು, ಶುದ್ಧವಾಗಿತ್ತು.

ಏಳನೆಯ ದಿನ ಬೆಳಿಗ್ಗೆ ಗಾಳಿ ಓಡಿ ಬಂತು. "ಹಿಂಡು ಹೊಂಟೈತಿ! ಚಿಗರಿ ಹಿಂಡು ಹೊಳಿ ದಂಡಿಗೆ ಬಂದೈತಿ!"

ಚಿಗರಿ ತಲೆ ಎತ್ತಿತು. ಏಳಲು ನೋಡಿತು. ಕಾಲು ಮಡಚಿಕೊಂಡು ಬಿತ್ತು. ಅದು ಬಾಳವ್ವನನ್ನು ಏನೂ ಕೇಳಲಿಲ್ಲ. ಮರಿ ಕೇಳಿತು.

"ಆಯಿ, ನಮ್ಮವ್ವನ ಕಾಲ ಇವತ್ತ ಹೊಲಿತಿಯಲ್ಲ?"

ಬಾಳವ್ವ ಎದ್ದಳು.

"ಏಳಬ್ಯಾಡ," ಎಂದವು ಇರುವೆಗಳು. "ಏಳಬ್ಯಾಡ," ಎಂದಿತು ಹೊಳೆ. "ಎರಡ ಅಂಚು ಇನ್ನೂ ಕೂಡಿಲ್ಲ," ಎಂದಿತು ಜೇಡ.

"ಇದೊಂದ ಹೊಲದು ಮಲಗ್ತೀನಿ," ಎಂದಳು ಬಾಳವ್ವ.

ಜಾಲಿಮುಳ್ಳು ಹಿಡಿದಳು. ಒಂದು ಹೊಲಿಗೆ ಹಾಕಿದಳು. ಹಕ್ಕಳೆ ಬಿರಿಯಿತು. ಎರಡನೆಯ ಹೊಲಿಗೆ ಹಾಕಿದಳು. ಜೇಡದ ನೂಲು ಪಟಪಟ ಹರಿಯಿತು. ಮೂರನೆಯ ಹೊಲಿಗೆಗೆ ಮುಳ್ಳು ಎಳೆದಾಗ ಕೈ ಮೊದಲಿಗಿಂತ ದೊಡ್ಡದಾಗಿ ಬಾಯಿಬಿಟ್ಟಿತು. ರಕ್ತ ಚಿಗರಿಯ ತೊಡೆಯ ಮೇಲೆಲ್ಲ ಸುರಿಯಿತು. ಹಾಕಿದ ಮೂರು ಹೊಲಿಗೆಯೂ ಸಡಿಲಾಗಿ ಬಿಚ್ಚಿಹೋದವು.

ದೂರದಲ್ಲಿ ಹಿಂಡು ಹೊಳೆ ದಾಟುವ ಸದ್ದು ಕೇಳಿತು. ಚಿಗರಿ ಕಿವಿ ನಿಮಿರಿಸಿ ಆ ಸದ್ದು ಕೇಳುತ್ತ ಮಲಗಿತ್ತು. ಸದ್ದು ಸಣ್ಣದಾಯಿತು. ಆಮೇಲೆ ಆಚೆ ದಂಡೆಯ ಧೂಳು ಮಾತ್ರ ಕಂಡಿತು. ಆಮೇಲೆ ಅದೂ ಇಲ್ಲ.

ಬಾಳವ್ವ ನೆಲದ ಮೇಲೆ ಕೂತುಬಿಟ್ಟಳು. ಅವಳು ಅತ್ತದ್ದನ್ನು ಆ ಜಾಲಿಮರವೂ ಅಲ್ಲಿಯವರೆಗೆ ನೋಡಿರಲಿಲ್ಲ.

"ನನ್ನಿಂದ ಆಗೂದಿಲ್ಲ," ಎಂದಳು. "ಯವ್ವಾ ಚಿಗರಿ, ನನ್ನಿಂದ ಆಗೂದಿಲ್ಲ. ನಾ ದಣದೀನಿ. ಬಾಳ ದಣದೀನಿ."

ಚಿಗರಿ ಅವಳ ಮುಖ ನೋಡಿತು. ಅದರ ಹಿಂಡು ಹೋಗಿತ್ತು, ಅದರ ಕಾಲು ಹರಿದೇ ಇತ್ತು. ಬೈಯುವುದಾಗಿದ್ದರೆ ಬೈಯಬಹುದಿತ್ತು. ಅದು ಬೈಯಲಿಲ್ಲ.

"ಮಲಕ್ಕೋ ಯವ್ವಾ," ಎಂದಿತು. "ಸಾಕು. ಮಲಕ್ಕೋ."

ಇಷ್ಟು ವರ್ಷದಲ್ಲಿ ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಬಾಳವ್ವ ಚಿಗರಿಯ ಪಕ್ಕದಲ್ಲೇ ಮಲಗಿದಳು. ಮರಿ ಹಲ್ಲಿನಲ್ಲಿ ಕೌದಿ ಎಳೆದು ತಂದು ಇಬ್ಬರಿಗೂ ಹೊದಿಸಿತು. ಬಾಳವ್ವ ನಿದ್ದೆ ಮಾಡಿದಳು. ಒಂದು ದಿನ ಮಾಡಿದಳು, ಎರಡು ದಿನ ಮಾಡಿದಳು. ನಡುವೆ ಎದ್ದು ಒಂದು ಹಿಡಿ ಜೋಳ ತಿಂದು, ಇರುವೆಗಳಿಗೂ ಹಾಕಿ, ಮತ್ತೆ ಮಲಗಿದಳು.

ಇರುವೆಗಳು ನಿಟ್ಟುಸಿರು ಬಿಟ್ಟವು. "ಮತ್ತ ಮೊದಲಿಂದ ನಡಿರಿ," ಎಂದವು. ಮತ್ತೆ ಕಸ ತೆಗೆದವು. ಹೊಳೆ ಮತ್ತೆ ತುಂಬಿತು. ಜೇಡ ಮತ್ತೆ ನೂಲು ಎಳೆಯಿತು. ಎರೆನೆಲ ಮತ್ತೆ ಮುಚ್ಚಳ ಹಾಕಿತು. ಪಕ್ಕದಲ್ಲಿ ಚಿಗರಿಯ ತೊಡೆ ಇತ್ತಲ್ಲ, ಒಂದು ಇರುವೆ ಅದನ್ನೂ ಇಣುಕಿ ನೋಡಿತು.

"ಇದೂ ಸುಮ್ನ ಮಲಗೇತಿ," ಎಂದಿತು. "ಸುಮ್ನ ಮಲಗಿದವರ ಕೆಲಸ ಮಾಡಾಕ ಏನ ತೊಂದ್ರಿ? ಬರ್ರಿ."

ಹೀಗೆ ಒಂದೇ ಕೌದಿಯ ಕೆಳಗೆ ಎರಡು ಗಾಯಗಳ ಕೆಲಸ ನಡೆಯಿತು. ಮರಿ ಒಣ ಹುಲ್ಲಿನ ಬುಡ ಅಗೆದು ಅಗೆದು ತಾಯಿಗೆ ತಂದು ಕೊಟ್ಟಿತು. ಹೊಳೆ ತನ್ನ ದಂಡೆಯ ನಾಲ್ಕು ಹಸಿರು ಕಡ್ಡಿಗಳನ್ನು ಬಿಟ್ಟುಕೊಟ್ಟಿತು. ಹೇಗೋ ದಿನ ಕಳೆದವು.

ಒಂದು ಬೆಳಿಗ್ಗೆ ಬಾಳವ್ವನಿಗೆ ಎಚ್ಚರವಾದದ್ದು ತುರಿಕೆಯಿಂದ. ಕೈ ಸಿಕ್ಕಾಪಟ್ಟೆ ತುರಿಸುತ್ತಿತ್ತು.

"ಕೆರಿಬ್ಯಾಡ, ಕೆರಿಬ್ಯಾಡ!" ಎಂದಿತು ಒಳಗಿನಿಂದ ಜೇಡ. "ನನ್ನ ಕಾಲಿನ ಓಡಾಟ ಅದು. ಎರಡ ಅಂಚು ಹಿಡದು ಎಳ್ಯಾಕ ಹತ್ತೀನಿ."

ಮುಚ್ಚಳ ತಾನಾಗಿಯೇ ಉದುರಿತು. ಕೆಳಗೆ ಹೊಸ ತೊಗಲು ಇತ್ತು. ಎಳೆಯದು, ನಸುಗೆಂಪು, ಮುಟ್ಟಿದರೆ ಹೆದರುವಂಥದ್ದು. ಬೆರಳು ಮಡಚಲು ಹೋದರೆ ಬಿಗಿದುಕೊಂಡಿತ್ತು.

"ಈಗ ನಿಧಾನಕ ಆಡಿಸು," ಎಂದಿತು ಜೇಡ. "ನನ್ನ ನೂಲ ಎಲ್ಲಾ ಕಡಿಗೆ ಸೊಟ್ಟ ಬಿದ್ದಾವ. ನೀ ಯಾವ ಕಡಿಗೆ ಎಳಿತಿ, ಆ ಕಡಿಗೆ ಸಾಲ ಹಿಡಿತಾವ. ಇನ್ನೂ ಮಲಗೇ ಇದ್ರ ಹಿಂಗ ಗಂಟಾಗಿ ಉಳಿತಾವ."

ಮಲಗೆಂದದ್ದೂ ಅವರೇ, ಏಳೆಂದದ್ದೂ ಅವರೇ. ಬಾಳವ್ವ ಗೊಣಗಿದಳು, ಆದರೆ ಎದ್ದಳು. ಮೊದಲ ದಿನ ನೀರಿನಲ್ಲಿ ಬೆರಳಾಡಿಸಿದಳು. ಇನ್ನೊಂದು ದಿನ ಹಿಟ್ಟು ನಾದಿದಳು. ಕೆಲವು ದಿನದ ಮೇಲೆ ಒಂದು ರೊಟ್ಟಿ ತಟ್ಟಿದಳು. ಆ ರೊಟ್ಟಿ ಅಂಕುಡೊಂಕಾಗಿತ್ತು. ಅದನ್ನು ಬೇಯಿಸಿ, ಕೂತು, ಪೂರ್ತಿ ತಿಂದಳು. ಯಾರೂ ಕರೆಯಲಿಲ್ಲ.

"ಮೊದಲಿನಷ್ಟ ಗಟ್ಟಿ ಆಗ್ತೈತೇನ ಕೈ?" ಎಂದು ಜೇಡವನ್ನು ಕೇಳಿದಳು.

ಜೇಡ ಸುಳ್ಳು ಹೇಳಲಿಲ್ಲ. "ಪೂರಾ ಅಷ್ಟ ಆಗೂದಿಲ್ಲ. ಗುರುತೂ ಹೋಗೂದಿಲ್ಲ. ಆದ್ರ ರೊಟ್ಟಿ ತಟ್ಟಾಕ, ಕೂಸಿನ ತಲಿ ಸವರಾಕ ಏನೂ ಕಡಿಮಿ ಇಲ್ಲ."

ಆ ಹೊತ್ತಿಗೆ ಚಿಗರಿ ಎದ್ದು ನಿಂತಿತು. ಒಂದು ಹೆಜ್ಜೆ ಇಟ್ಟಿತು. ಕುಂಟಿತು. ಇನ್ನೊಂದು ಹೆಜ್ಜೆ ಇಟ್ಟಿತು. ಅದರ ತೊಡೆಯಲ್ಲಿ ಒಂದೂ ಹೊಲಿಗೆ ಇರಲಿಲ್ಲ. ಬರೀ ಒಂದು ಗೆರೆ ಇತ್ತು. ಬಾಳವ್ವ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಸೂಜಿಯೂ ಬೇಕಾಗಲಿಲ್ಲ, ತಾನೂ ಬೇಕಾಗಲಿಲ್ಲ. ಮನಸ್ಸಿಗೆ ಚುಚ್ಚಿದ್ದು ನಿಜ. ಹೆಗಲಿನಿಂದ ಏನೋ ಇಳಿದದ್ದೂ ನಿಜ.

ಹೊಳೆ ಒಂದು ಕಡೆ ತೆಳ್ಳಗೆ ಸರಿದು ದಾರಿ ಬಿಟ್ಟಿತು. ಗಾಳಿ "ಹಿಂಡು ಆ ಕಡೆ, ಆ ಕಡೆ" ಎಂದಿತು. ತಾಯಿ ಮುಂದೆ, ಮರಿ ಹಿಂದೆ. ಆಚೆ ದಂಡೆಯಲ್ಲಿ ನಿಂತು ಇಬ್ಬರೂ ಒಮ್ಮೆ ತಿರುಗಿ ನೋಡಿದರು.

ಬಾಳವ್ವ ಇರುವೆ, ಹೊಳೆ, ಜೇಡ, ನೆಲ ನಾಲ್ವರನ್ನೂ ಕೂರಿಸಿಕೊಂಡಳು.

"ನಾ ಒಬ್ಬಾಕಿ. ನನ್ನ ಕಾಲ ಮುಗಿಯಾಕ ಬಂತು," ಎಂದಳು. "ನೀವು ಎಲ್ಲಾರ ಮೈಯೊಳಗೂ ಹೋಗಿ ಇರ್ತೀರೇನ? ಹರದಾಗ ಎದ್ದು ಬರ್ತೀರೇನ?"

"ಇರ್ತೀವಿ," ಎಂದವು ಇರುವೆಗಳು. "ಆದ್ರ ಅವರು ಸುಮ್ನ ಕುಂದರೂದಿಲ್ಲಲ್ಲ ಬಾಳವ್ವಾ. ನೀ ಕುಂತಿ? ನೀ ಇಷ್ಟ ಶಾಣ್ಯಾಕಿ ಇದ್ದು ಏಳನೇ ದಿನ ಎದ್ದಿ. ಉಳದವರು ಎರಡನೇ ದಿನಕ್ಕ ಏಳ್ತಾರ. ನಾವು ಎಷ್ಟ ಸಲ ಮೊದಲಿಂದ ಮಾಡೂದು? ನಮಗೂ ಸಾಕಾಗ್ತೈತಿ."

ಬಾಳವ್ವ ಯೋಚಿಸಿದಳು. ಮಧ್ಯಾಹ್ನ ಪೂರ್ತಿ ಯೋಚಿಸಿದಳು.

ಆಮೇಲೆ ತನ್ನೊಳಗೆ ಕೈ ಹಾಕಿ ತನ್ನ ದಣಿವನ್ನೇ ಹೊರಗೆ ತೆಗೆದಳು. ಎಷ್ಟೋ ವರ್ಷದ ದಣಿವು. ಹಳೆ ಸೀರೆಯಷ್ಟು ಉದ್ದ ಇತ್ತು, ಅಷ್ಟೇ ಮೆತ್ತಗೂ ಇತ್ತು. ಅದನ್ನು ಮಡಿಲಲ್ಲಿ ಹಾಸಿಕೊಂಡು ಚಿಂದಿ ಚಿಂದಿಯಾಗಿ ಹರಿದಳು.

ಗಾಳಿ ಹೋಗಿ ಎಲ್ಲರನ್ನೂ ಕರೆಯಿತು. ಗೊಣಗುತ್ತ ಹೋದ ಕರಡಿ ಬಂತು, ನರಿ ಬಂತು, ಆಕಳು ಬಂದವು, ಮನುಷ್ಯರು ಬಂದರು. ಮತ್ತೆ ಸಾಲು. ಬಾಳವ್ವ ಒಬ್ಬೊಬ್ಬರನ್ನೂ ಮುಂದೆ ಕೂರಿಸಿಕೊಂಡಳು. ನಾಲ್ವರನ್ನೂ ಒಳಗೆ ಕಳಿಸಿದಳು. ಕೌದಿಯ ಮೂಲೆಯಲ್ಲಿ ಜೋಳ ಇಟ್ಟು ಹೊಲಿಯುತ್ತಿದ್ದಳಲ್ಲ, ಅದೇ ರೀತಿ ಎಲ್ಲರ ಮೈಯ ಒಂದು ಮೂಲೆಯಲ್ಲಿ ಚಿಟಿಕೆ ಜೋಳದ ಜೊತೆ ತನ್ನ ದಣಿವಿನ ಒಂದು ಚಿಂದಿ ಇಟ್ಟು ಹೊಲಿದಳು.

"ಹರದಾಗ ಇದು ಬಿಚ್ಚತೈತಿ," ಎಂದಳು. "ಕೈಕಾಲ ಜೋತ ಬೀಳ್ತಾವ. ಕಣ್ಣ ಎಳಿತಾವ. ಆಗ ಹಟ ಮಾಡಬ್ಯಾಡ್ರಿ. ಏನರೆ ತಿನ್ರಿ, ಮಲಗ್ರಿ."

ಹಂಚಿದಷ್ಟೂ ಅವಳು ಹಗುರಾದಳು. ಬಾಗಿದ ಬೆನ್ನು ನೆಟ್ಟಗಾಯಿತು. ಸಾಲಿನ ಕೊನೆಯಲ್ಲಿ ಆ ಮೊದಲ ಮೊಲ ನಿಂತಿತ್ತು.

"ಇದೊಂದ ಹೊಲದು ಮಲಗ್ತೀನಿ," ಎಂದಳು ಬಾಳವ್ವ.

ಅದೊಂದು ಹೊಲಿದಳು. ಜಾಲಿಮುಳ್ಳನ್ನು ಮರಕ್ಕೇ ಚುಚ್ಚಿ ಇಟ್ಟಳು. ಕೌದಿ ಹೊದ್ದುಕೊಂಡಳು. ಈ ಸಲ ನಿಜವಾಗಿಯೂ ಮಲಗಿದಳು.

ಮುಗಿಯಿತು ಕಸ್ತೂರಿ. ನೋಡು, ನಿನ್ನ ಕಣ್ಣು ಎಳೆಯುತ್ತಿದೆ. ಮಧ್ಯಾಹ್ನ ಎರಡು ಗಂಟೆಗೆ ನಿನ್ನಂಥವಳ ಕಣ್ಣು ಎಳೆಯುವುದುಂಟೇ? ಅದು ನಿನ್ನ ದಣಿವಲ್ಲ ಕೂಸೇ, ಬಾಳವ್ವನದು. ಈ ಶನಿವಾರದ ಖೋಖೋ ನೀನಿಲ್ಲದೆ ಆಗಲಿ ಬಿಡು, ಅದರ ಮುಂದಿನ ಶನಿವಾರವೂ ಬರುತ್ತದೆ. ಏನಂದೆ? ಜೋರಾಗಿ ಹೇಳು, ನನಗೆ ಈಚೆಗೆ ಕಿವಿ ಸರಿಯಾಗಿ ಕೇಳುವುದಿಲ್ಲ.

"ಆಯಿ, ನೀನೂ ಮಲಕ್ಕೋ."

ಮೂವತ್ತೆರಡು ವರ್ಷ ನಾನು ಈ ಮಾತಿಗೆ ಕಾಯುತ್ತಿದ್ದೆನೆಂದು ನಿನಗೆ ಹೇಗೆ ಗೊತ್ತಾಗಬೇಕು. ಆಗಲಿ, ಸ್ವಲ್ಪ ಪಕ್ಕಕ್ಕೆ ಸರಿ. ಆ ಕೌದಿಯ ತುದಿ ಈ ಕಡೆ ಎಳೆ.

ಅದಕ್ಕೇ ಇವತ್ತಿಗೂ ಗಾಯವಾದ ಜಾಗ ಮೊದಲು ಕೆಂಪಾಗಿ ಉರಿದು ಊದುತ್ತದೆ, ಆಮೇಲೆ ಕಪ್ಪು ಮುಚ್ಚಳದ ಕೆಳಗೆ ತುರಿಸುತ್ತ ಅಂಚಿನಿಂದ ನಡುವಿಗೆ ಕೂಡುತ್ತದೆ, ಮತ್ತು ಅದು ಕೂಡುವವರೆಗೆ ಗಾಯವಾದವರ ಕಣ್ಣು ಹಾಡುಹಗಲಲ್ಲೇ ಮುಚ್ಚಿಕೊಳ್ಳುತ್ತದೆ.